ಒಳಗೆ ಹಾಕಿದ್ದು ಹೊರಗೆ ಬರಬೇಕು: ಬಾವಿ ಬಿರಿಸುವ ಕೆಲಸ ಕಲಿಸಿದ ಪಾಠಗಳು

ಎಣ್ಣೆ ತೆಗೆಯುವ ಬಾವಿಗೆ ಎಣ್ಣೆಯನ್ನೇ ಟ್ಯಾಂಕರುಗಟ್ಟಲೆ ಹಾಕುವ ಕೆಲಸ ಮಾಡುತ್ತಿದ್ದೆ ಎಂದರೆ ಬೆಳಗಾವಿಯ ನಮ್ಮ ಟಿಳಕವಾಡಿಯಲ್ಲಿ ಕೇಳಿದವರು ಇನ್ನೊಮ್ಮೆ ಕೇಳುತ್ತಾರೆ. ಕೆಲಸ ಇದ್ದದ್ದು ಹಾಗೆಯೇ. ನೆಲದಡಿ ಎರಡು ಮೂರು ಸಾವಿರ ಮೀಟರ್ ಆಳದಲ್ಲಿ ಎಣ್ಣೆಯೋ ಅನಿಲವೋ ತುಂಬಿದ ಕಲ್ಲು ಇರುತ್ತದೆ. ಅದರ ಸಣ್ಣ ರಂಧ್ರಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿಲ್ಲದಿದ್ದರೆ ಒಳಗೆ ಇದ್ದದ್ದು ಬಾವಿಗೆ ಬರುವುದಿಲ್ಲ. ಆಗ ಮೇಲಿನಿಂದ ಭಾರೀ ಒತ್ತಡದಲ್ಲಿ ದ್ರವ ಕಳಿಸಿ ಕಲ್ಲನ್ನು ಬಿರಿಸುತ್ತಾರೆ. ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ಅದರೊಳಗೆ ಮರಳು ತುಂಬುತ್ತಾರೆ. ಆ ಮರಳನ್ನು ಹೊತ್ತು ಸಾಗಿಸಬೇಕಾದರೆ ದ್ರವ ಮಂದವಾಗಿರಬೇಕು. ಹೆಚ್ಚಿನ ಕಡೆ ಈ ದ್ರವ ನೀರು. ನೀರು ಒಗ್ಗದ ಕಲ್ಲಿಗೆ ಡೀಸೆಲ್, ತೆಳು ಕಚ್ಚಾ ತೈಲ, ಇಲ್ಲವೇ ಇದೇ ಕೆಲಸಕ್ಕೆಂದು ಶುದ್ಧೀಕರಿಸಿದ ಎಣ್ಣೆ.

ಮೊದಲು ಗುಜರಾತ್, ಆಮೇಲೆ ಬಹಳ ವರ್ಷ ಕೆನಡಾದ ಆಲ್ಬರ್ಟಾ. ಈಗ ಊರಿಗೆ ಮರಳಿ ಖಾನಾಪುರ ತಾಲೂಕಿನ ರೈತರ ಬೋರ್‌ಗಳನ್ನು ನೋಡುತ್ತಿದ್ದೇನೆ. ಇಲ್ಲಿಯ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಆಗಾಗ ಮನೆಗೆ ಬಂದು ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇದರಲ್ಲಿ ಬಹಳಷ್ಟು ನಾನು ತಪ್ಪು ಮಾಡಿ ತಿಳಿದದ್ದು. ಅವರು ಅದೇ ತಪ್ಪು ಮಾಡಿ ತಿಳಿಯಬೇಕಾಗಿಲ್ಲ.

1. ಕಲ್ಲಿಗೆ ಏನು ಒಗ್ಗುವುದಿಲ್ಲ ಎಂದು ಮೊದಲು ನೋಡಿ

1960ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಿತು. ಅದು ಖಂಭಾತ ಕೊಲ್ಲಿಯಿಂದ ಉತ್ತರಕ್ಕೆ ಮೆಹಸಾಣಾ ದಾಟಿ ಹಬ್ಬಿದ ತೈಲಪ್ರದೇಶದ ಭಾಗ. ಆ ನೆಲದ ತಳದಲ್ಲಿರುವುದು ನಮ್ಮ ಬೆಳಗಾವಿಯ ಕಪ್ಪು ಕಲ್ಲೇ, ಡೆಕ್ಕನ್ ಟ್ರ್ಯಾಪ್. ವಡೋದರಾ ಹತ್ತಿರದ ಪಾದರಾದಲ್ಲಿ ಈ ಕಪ್ಪು ಕಲ್ಲಿನ ಬಿರುಕುಗಳಿಂದಲೇ ಎಣ್ಣೆ ಬರುತ್ತದೆ. ಟ್ರ್ಯಾಪ್ ಮೇಲೆ ಓಲಪಾಡ ಎಂಬ ಪದರವಿದೆ. ಟ್ರ್ಯಾಪ್ ಕಲ್ಲೇ ಸವೆದು, ಕೊಚ್ಚಿಕೊಂಡು ಬಂದು ಕೂತು ಆದದ್ದು ಅದು.

ಹೀಗೆ ಸವೆದು ಕೂತ, ಜೇಡಿ ತುಂಬಿದ ಒಂದು ಕಲ್ಲಿಗೆ ನೀರಿನ ಜೆಲ್, ಎಂದರೆ ಮಂದ ಮಾಡಿದ ನೀರು, ಸಾಕು ಎಂದು ಶಿಫಾರಸು ಮಾಡಿದವನು ನಾನು. ನೀರು ಅಗ್ಗ, ಬೆಂಕಿಯ ಭಯವಿಲ್ಲ, ಮಂದ ಮಾಡಲು ಗೋರಿಕಾಯಿ ಬೀಜದ ಹಿಟ್ಟು ರಾಜಸ್ಥಾನದಿಂದ ಬೇಕಾದಷ್ಟು ಬರುತ್ತಿತ್ತು. ಜಗತ್ತಿನ ಗೋರಿಬೀಜದಲ್ಲಿ ಸುಮಾರು ಶೇಕಡ 80ರಷ್ಟು ಬೆಳೆಯುವುದು ಭಾರತದಲ್ಲಿ. ಕೋರ್, ಎಂದರೆ ಬಾವಿಯಿಂದ ತೆಗೆದ ಕಲ್ಲಿನ ಮಾದರಿಯ ವರದಿಯಲ್ಲಿ ಜೇಡಿಯ ಜಾತಿ ಯಾವುದೆಂದು ಒಂದು ಸಾಲಿತ್ತು: ಮಾಂಟ್‌ಮೊರಿಲೊನೈಟ್. ನಾನು ರಂಧ್ರಗಳ ಲೆಕ್ಕ ನೋಡಿ ಪುಟ ತಿರುವಿದ್ದೆ. ಕೆಲಸ ಯಾವ ತೊಡಕೂ ಇಲ್ಲದೆ ಮುಗಿಯಿತು, ಒತ್ತಡದ ಗ್ರಾಫ್ ಪುಸ್ತಕದಲ್ಲಿದ್ದ ಹಾಗೇ ಬಂತು. ತಿಂಗಳೊಪ್ಪತ್ತಿನಲ್ಲಿ ಬಾವಿ ಮೊದಲು ಕೊಡುತ್ತಿದ್ದಷ್ಟನ್ನೂ ಕೊಡದಾಯಿತು.

ನಮ್ಮ ಹಿರಿಯ ರಸಾಯನಶಾಸ್ತ್ರಜ್ಞರು ಬೈಯಲಿಲ್ಲ. ಕೋರ್ ಪೆಟ್ಟಿಗೆಯಿಂದ ಉಗುರಿನಷ್ಟು ಎರಡು ಚೂರು ತಂದು, ಎರಡು ಗಾಜಿನ ಲೋಟ ಇಟ್ಟು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಡೀಸೆಲ್ ಹಾಕಿದರು. ನೀರಿಗೆ ಬಿದ್ದ ಚೂರಿನ ಅಂಚಿನಿಂದ ಮೊದಲು ಸಣ್ಣ ಗುಳ್ಳೆ ಎದ್ದವು. ಆಮೇಲೆ ಅಂಚು ಉಬ್ಬಿ, ಪದರ ಪದರವಾಗಿ ಬಿಚ್ಚಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೋಟದ ತಳದಲ್ಲಿ ಕೆಸರು. ಡೀಸೆಲ್‌ನಲ್ಲಿದ್ದ ಚೂರು ಮರುದಿನವೂ ಹಾಕಿದ ಹಾಗೇ ಇತ್ತು, ಮೂಲೆ ಕೂಡ ಮಾಸಿರಲಿಲ್ಲ.

ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲ ನೋಡಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಮಳೆಗೆ ಉಬ್ಬಿ ಬೇಸಿಗೆಗೆ ಕಾಲು ಹೋಗುವಷ್ಟು ಬಿರಿಯುವ ಎರಿ ಮಣ್ಣಿನಲ್ಲಿ ಇರುವುದೂ ಅದೇ ಜಾತಿಯ ಜೇಡಿ. ಆಳದ ಕಲ್ಲಿನೊಳಗೆ ಅದು ಉಬ್ಬಿದರೆ ಹೋಗಲು ಜಾಗವಿಲ್ಲ, ಇದ್ದ ರಂಧ್ರಗಳನ್ನೇ ಮುಚ್ಚುತ್ತದೆ. ನೀರಿಗೆ ಶೇಕಡ 2ರಷ್ಟು ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದರೆ ಹಲವು ಕಲ್ಲುಗಳು ತಡೆದುಕೊಳ್ಳುತ್ತವೆ, ಎಲ್ಲವೂ ಅಲ್ಲ. ತಡೆದುಕೊಳ್ಳದವಕ್ಕೇ ಎಣ್ಣೆಯ ದ್ರವ ಹುಟ್ಟಿಕೊಂಡಿದ್ದು. ಆ ಎರಡು ಲೋಟದ ಪರೀಕ್ಷೆಯನ್ನು ಅಂದಿನಿಂದ ಬಿಟ್ಟಿಲ್ಲ. ಐದು ಪೈಸೆಯ ಖರ್ಚಿಲ್ಲದ ಪರೀಕ್ಷೆ ಅದು.

2. ಪ್ರಯೋಗಾಲಯದ ಎಣ್ಣೆ ಬೇರೆ, ಟ್ಯಾಂಕರಿನ ಎಣ್ಣೆ ಬೇರೆ

ಆಲ್ಬರ್ಟಾದಲ್ಲಿ ಎಣ್ಣೆಯ ದ್ರವಕ್ಕೆ ಹಳೆಯ ಇತಿಹಾಸವಿದೆ. 1953ರಲ್ಲಿ ಪತ್ತೆಯಾದ ಪೆಂಬಿನಾ ಕ್ಷೇತ್ರದ ಕಾರ್ಡಿಯಂ ಮರಳುಗಲ್ಲು ಬಿರಿಸದೆ ಹೋದರೆ ಲಾಭ ಕೊಡುವ ಕಲ್ಲಾಗಿರಲಿಲ್ಲ. ಅಲ್ಲಿ ಎಣ್ಣೆಗೆ ಇನ್ನೊಂದು ಅನುಕೂಲವೂ ಇದೆ: ಜೌಗು ನೆಲ ಹೆಪ್ಪುಗಟ್ಟಿ ಲಾರಿ ಓಡಾಡುವಂತಾಗುವ ಚಳಿಗಾಲದಲ್ಲೇ ಕೆಲಸ ಹೆಚ್ಚು, ಮೈನಸ್ 30 ಡಿಗ್ರಿಯಲ್ಲಿ ನೀರು ಟ್ಯಾಂಕಿನಲ್ಲೇ ಕಲ್ಲಾಗುತ್ತದೆ, ಎಣ್ಣೆ ಆಗುವುದಿಲ್ಲ.

ಎಣ್ಣೆಯನ್ನು ಮಂದ ಮಾಡುವುದು ಹೀಗೆ. ಫಾಸ್ಫೇಟ್ ಎಸ್ಟರ್ ಎಂಬ ರಾಸಾಯನಿಕವನ್ನು ಎಣ್ಣೆಗೆ ಬೆರೆಸಿ, ಅಲ್ಯೂಮಿನಿಯಂ ಅಥವಾ ಕಬ್ಬಿಣದ ಲವಣ ಸೇರಿಸುತ್ತಾರೆ. ಲೋಹ ಆ ಎಸ್ಟರ್‌ಗಳನ್ನು ಒಂದಕ್ಕೊಂದು ಪೋಣಿಸಿ ಉದ್ದ ಸರಗಳನ್ನು ಕಟ್ಟುತ್ತದೆ. ಸರ ಸರಿಯಾಗಿ ಕಟ್ಟಿದೆಯೇ ಎಂದು ತಿಳಿಯಲು ಯಂತ್ರಕ್ಕಿಂತ ಮೊದಲು ಕಣ್ಣು ಸಾಕು. ಬೀಕರ್ ವಾಲಿಸಿದರೆ ಜೆಲ್ ಅಂಚು ದಾಟಿ ಕೆಳಗೆ ಜೋಲಬೇಕು, ಕಡಿದು ಬೀಳಬಾರದು. ಬೀಕರ್ ನೆಟ್ಟಗೆ ಮಾಡಿದರೆ ಜೋತದ್ದೆಲ್ಲ ಒಂದು ಹನಿ ಉಳಿಯದಂತೆ ಒಳಗೆ ಸರಿಯಬೇಕು.

ಒಂದು ರಾತ್ರಿ ನನ್ನ ಬೀಕರಿನಲ್ಲಿ ಜೆಲ್ ಜೋಲಲೇ ಇಲ್ಲ, ಎಣ್ಣೆ ಎಣ್ಣೆಯಾಗಿಯೇ ಸುರಿಯಿತು. ಲೆಕ್ಕ ತಪ್ಪಿರಬೇಕೆಂದು ನಾನು ಎಸ್ಟರ್ ಹೆಚ್ಚಿಸಿದೆ, ಮತ್ತೂ ಹೆಚ್ಚಿಸಿದೆ. ದುಬಾರಿ ರಾಸಾಯನಿಕ ಸುರಿದದ್ದಷ್ಟೇ ಬಂತು. ಟ್ಯಾಂಕರ್ ಚಾಲಕನೊಬ್ಬ, ತನ್ನ ಟ್ಯಾಂಕನ್ನು ಹಿಂದಿನ ದಿನವಷ್ಟೇ ಹಬೆಯಿಂದ ತೊಳೆದಿದ್ದರು ಎಂದು ಮಾತಿನ ನಡುವೆ ಹೇಳಿದ. ತಳದಲ್ಲಿ ನೀರು ಉಳಿದಿತ್ತು. ಈ ಜೆಲ್‌ಗೆ ನೀರಿನ ಅಂಶ ಚೂರು ಹೆಚ್ಚಾದರೂ ಸರ ಕಟ್ಟುವುದಿಲ್ಲ. ನನ್ನ ಕೈಯಲ್ಲಿದ್ದ ಪ್ರಯೋಗಾಲಯದ ವರದಿ ಅದೇ ಹೆಸರಿನ, ಹಿಂದಿನ ತಿಂಗಳ ಎಣ್ಣೆಯದು. ಮುಂದೆ ನಿಂತಿದ್ದ ಟ್ಯಾಂಕರಿನದಲ್ಲ. ಆಮೇಲೆ ಪ್ರತಿ ಟ್ಯಾಂಕಿನ ತಳದಿಂದ, ನಡುವಿನಿಂದ, ಮೇಲಿನಿಂದ ಮಾದರಿ ತೆಗೆಯದೆ ಪಂಪು ಶುರು ಮಾಡಲು ಬಿಟ್ಟಿಲ್ಲ. ಚಾಲಕರ ಜೊತೆ ಕೂತು ಮಾತಾಡುವುದೂ ಆವತ್ತಿನಿಂದ ಕೆಲಸದ ಭಾಗವಾಯಿತು. ಟ್ಯಾಂಕು ನಿನ್ನೆ ಏನು ಹೊತ್ತಿತ್ತು ಎನ್ನುವುದು ಅವರಿಗಷ್ಟೇ ಗೊತ್ತಿರುತ್ತದೆ.

3. ಹಗುರ ದ್ರವ ಪಂಪಿಗೆ ಭಾರ

ಇದು ಸಣ್ಣ ಲೆಕ್ಕ, ಆದರೂ ಹೊಸಬರು ಮರೆಯುತ್ತಾರೆ, ನಾನೂ ಮರೆತಿದ್ದೆ. 3000 ಮೀಟರ್ ಬಾವಿಯಲ್ಲಿ ನಿಂತ ನೀರು ತನ್ನ ತೂಕದಿಂದಲೇ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 300 ಕೆ.ಜಿ. ಒತ್ತಡ ಕೊಡುತ್ತದೆ. ಡೀಸೆಲ್‌ನ ಸಾಂದ್ರತೆ 0.83 ಎಂದು ಹಿಡಿದರೆ ಅದು 249. ಕಡಿಮೆಬಿದ್ದ 51 ಕೆ.ಜಿ.ಯನ್ನು ಮೇಲಿನ ಪಂಪೇ ಕೊಡಬೇಕು, ಪೈಪು ಮತ್ತು ವಾಲ್ವುಗಳು ಅದನ್ನು ತಾಳಬೇಕು. ನೀರಿನ ಕೆಲಸಕ್ಕೆ ಹಾಕಿದ್ದ ಒತ್ತಡದ ಮಿತಿಯನ್ನು ಎಣ್ಣೆಯ ಕೆಲಸಕ್ಕೂ ಹಾಗೇ ಬಿಟ್ಟಿದ್ದೆ, ಮರಳು ಅರ್ಧ ಹೋಗುವಷ್ಟರಲ್ಲಿ ಪಂಪುಗಳು ತಾವಾಗಿಯೇ ನಿಂತವು. ಉಳಿದ ಮರಳು ಬಾವಿಯ ಕೊಳವೆಯಲ್ಲೇ ಕೂತಿತು. ಅದನ್ನು ತೊಳೆದು ತೆಗೆಯಲು ಬಂದ ಬಿಲ್ಲಿಗೆ ಸಹಿ ಹಾಕಿದವನೂ ನಾನೇ.

4. ಬೆಂಕಿಯ ಲೆಕ್ಕವನ್ನು ಬೇರೆಯವರಿಗೆ ಬಿಡಬೇಡಿ

ನೀರಿನ ಕೆಲಸದಲ್ಲಿ ಒಂದು ಕೊಂಡಿ ಸೋರಿದರೆ ಬಟ್ಟೆ ಒದ್ದೆಯಾಗುತ್ತದೆ. ಎಣ್ಣೆಯ ಕೆಲಸದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಭಾರೀ ಒತ್ತಡದಲ್ಲಿ ಬರುವುದು ಮಂಜಿನಂಥ ತುಂತುರು, ಪಕ್ಕದಲ್ಲಿ ಕಾದ ಇಂಜಿನ್‌ಗಳ ಸಾಲು.

ಎಣ್ಣೆಯ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯೇ ಫ್ಲ್ಯಾಷ್ ಪಾಯಿಂಟ್. ನಮ್ಮ ದೇಶದ ಡೀಸೆಲ್‌ಗೆ ಭಾರತೀಯ ಮಾನಕ ಕೇಳುವುದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ ಮೆಹಸಾಣಾದಲ್ಲಿ ನೆರಳಿನ ಶಾಖವೇ 40 ದಾಟಿರುತ್ತದೆ. ಎಂದರೆ ಬರೀ ಮಾನಕ ಮುಟ್ಟಿದ ಡೀಸೆಲ್ ಅಲ್ಲಿ ಟ್ಯಾಂಕಿನಲ್ಲಿ ಸುಮ್ಮನೆ ನಿಂತಿದ್ದಾಗಲೇ ಕಿಡಿಗೆ ಕಾದಿರುತ್ತದೆ. ಕೆನಡಾದ ಚಳಿಯಲ್ಲಿ ಈ ಭಯವಿಲ್ಲ ಎಂದುಕೊಂಡಿದ್ದೆ. ಚಳಿಯಲ್ಲಿ ಜೆಲ್ ಕಟ್ಟಲು ತಡವಾಗುತ್ತದೆಂದು ಎಣ್ಣೆಯನ್ನು ಬಿಸಿ ಮಾಡಿಸುತ್ತಿದ್ದೆವು. ಬೇಗ ಮುಗಿಯಲಿ ಎಂದು ಇನ್ನಷ್ಟು ಕಾಯಿಸಲು ಹೇಳಿದೆ. ಸುರಕ್ಷತೆ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನನ್ನ ಮುಂದೆ ಆ ಎಣ್ಣೆಯ ಪ್ರಮಾಣಪತ್ರ ಹಿಡಿದು, ಫ್ಲ್ಯಾಷ್ ಪಾಯಿಂಟಿನ ಸಾಲಿನ ಮೇಲೆ ಬೆರಳಿಟ್ಟಳು. ನಾನು ಹೇಳಿದ ಉಷ್ಣತೆ ಅದನ್ನು ದಾಟಿತ್ತು. ಅವಳು ಕೆಲಸ ನಿಲ್ಲಿಸಿದಳು. ವಯಸ್ಸಿನಲ್ಲಿ, ಹುದ್ದೆಯಲ್ಲಿ ನನಗಿಂತ ಬಹಳ ಕಿರಿಯಳು. ಆ ಧೈರ್ಯಕ್ಕೆ ನಾನು ಇವತ್ತಿಗೂ ಋಣಿ.

ಅದೇ ಕೆಲಸದಲ್ಲಿ ಅವಳು ತೋರಿಸಿದ ಇನ್ನೊಂದು ಸಂಗತಿ ಸಣ್ಣದು, ಅದಕ್ಕೇ ಹೇಳುತ್ತೇನೆ. ಎಣ್ಣೆ ಪೈಪಿನಲ್ಲಿ ವೇಗವಾಗಿ ಹರಿಯುವಾಗ ಸ್ಥಿರವಿದ್ಯುತ್ ಕೂಡುತ್ತದೆ. ಅದು ನೆಲಕ್ಕೆ ಇಳಿಯಲೆಂದು ಪ್ರತಿ ವಾಹನಕ್ಕೂ ಅರ್ಥಿಂಗ್ ತಂತಿ ಕಚ್ಚಿಸುತ್ತಾರೆ. ನಾನು ಕಚ್ಚಿಸಿದ್ದ ಕ್ಲಿಪ್ಪು ದಪ್ಪ ಬಣ್ಣ ಬಳಿದ ಕಬ್ಬಿಣದ ಮೇಲೆ ಕೂತಿತ್ತು. ಬಣ್ಣದ ಮೇಲೆ ಕೂತ ಕ್ಲಿಪ್ಪು ಇದ್ದೂ ಇಲ್ಲದ ಹಾಗೆ. ಕೆನಡಾದ ತೈಲೋದ್ಯಮದವರು ಸುಡುವ ದ್ರವಗಳನ್ನು ಪಂಪು ಮಾಡುವ ಬಗ್ಗೆಯೇ ಒಂದು ಪ್ರತ್ಯೇಕ ಶಿಫಾರಸು ಸಂಪುಟ ಬರೆದಿಟ್ಟಿದ್ದಾರೆ, ಅವರ ಸಾಲಿನಲ್ಲಿ ಎಂಟನೆಯದು. ನಮ್ಮಲ್ಲಿ ಡೀಸೆಲ್ ಟ್ಯಾಂಕರ್ ಖಾಲಿ ಮಾಡುವ ಪ್ರತಿಯೊಬ್ಬರೂ ಅಂಥದ್ದನ್ನು ಓದಬೇಕು. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳ ಮುಂದೆ ನಿಂತ ಟ್ಯಾಂಕರುಗಳ ಕ್ಲಿಪ್ಪು ಎಲ್ಲಿ ಕೂತಿದೆ ಎಂದು ನಾನು ಈಗಲೂ ಬಗ್ಗಿ ನೋಡುತ್ತೇನೆ.

5. ಕಟ್ಟಿದ ಜೆಲ್ ಮತ್ತೆ ಕರಗಲೇಬೇಕು

ನನ್ನ ಇಡೀ ವೃತ್ತಿಯಿಂದ ಒಂದೇ ಪಾಠ ಉಳಿಸಿಕೊಳ್ಳಿ ಎಂದರೆ ಇದನ್ನು ಇಟ್ಟುಕೊಳ್ಳುತ್ತೇನೆ.

ಫ್ರಾಕ್ಚರಿಂಗ್ ಎಂದು ಕರೆಯುವ, ಕಲ್ಲು ಬಿರಿಸುವ ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕಾನ್ಸಾಸ್ ರಾಜ್ಯದ ಹ್ಯೂಗೋಟನ್ ಅನಿಲಕ್ಷೇತ್ರದ ಕ್ಲೆಪರ್ ನಂ. 1 ಬಾವಿಯಲ್ಲಿ. ಸ್ಟ್ಯಾನೋಲಿಂಡ್ ಕಂಪನಿಯವರು ಸುಮಾರು 700 ಮೀಟರ್ ಆಳದ ಸುಣ್ಣಕಲ್ಲಿಗೆ 1000 ಗ್ಯಾಲನ್ ಪೆಟ್ರೋಲನ್ನು ನೇಪಾಮ್‌ನಿಂದ ಮಂದ ಮಾಡಿ ತಳ್ಳಿದರು. ಎರಡನೇ ಮಹಾಯುದ್ಧದಲ್ಲಿ ಬೆಂಕಿಬಾಂಬಿಗೆ ಬಳಸಿದ ನೇಪಾಮ್ ಅದು. ಮೊದಲ ಫ್ರಾಕ್ಚರಿಂಗ್ ದ್ರವವೇ ಎಣ್ಣೆಯದು, ನೀರು ಆಮೇಲೆ ಬಂದದ್ದು. ಆ ಮೊದಲ ಬಾವಿಯ ಇಳುವರಿ ಹೇಳಿಕೊಳ್ಳುವಷ್ಟೇನೂ ಹೆಚ್ಚಲಿಲ್ಲ. ಆದರೆ ಅವರು ಜೆಲ್ ಹಿಂದೆಯೇ ಅದನ್ನು ಮುರಿಯುವ ರಾಸಾಯನಿಕವನ್ನೂ ಕಳಿಸಿದ್ದರು. ಕಟ್ಟಿದ ಜೆಲ್ ಮತ್ತೆ ಕರಗಬೇಕೆಂಬುದು ಮೊದಲ ದಿನದಿಂದಲೇ ಅವರಿಗೆ ಗೊತ್ತಿತ್ತು. 1949ರ ಮಾರ್ಚ್ 17ರಂದು ಓಕ್ಲಹೋಮಾ ಮತ್ತು ಟೆಕ್ಸಾಸ್‌ಗಳಲ್ಲಿ ವ್ಯಾಪಾರಿ ಮಟ್ಟದ ಕೆಲಸ ಶುರುವಾಯಿತು. ಮೊದಲ ವರ್ಷವೇ 332 ಬಾವಿಗಳಿಗೆ ಇದನ್ನು ಮಾಡಿದರು.

ಬ್ರೇಕರ್ ಎಂದು ಕರೆಯುವ ಈ ಮುರಿಯುವ ವಸ್ತು ಫಾಸ್ಫೇಟ್ ಜೆಲ್‌ಗೆ ಸಾಮಾನ್ಯವಾಗಿ ಒಂದು ಸೌಮ್ಯ ಕ್ಷಾರ: ಅಡುಗೆ ಸೋಡಾ, ಮೆಗ್ನೀಷಿಯಂ ಆಕ್ಸೈಡ್, ಇಂಥವು. ಎಣ್ಣೆಯಲ್ಲಿ ಕರಗದ ಪುಡಿ, ನಿಧಾನವಾಗಿ ಸರವನ್ನು ಬಿಡಿಸುತ್ತದೆ. ಅದು ಹೆಚ್ಚಾದರೆ ಜೆಲ್ ದಾರಿಯಲ್ಲೇ ಮುರಿದು ಮರಳು ಕೂತುಬಿಡುತ್ತದೆ. ಮೂರನೇ ಪಾಠದಲ್ಲಿ ಹೇಳಿದ ಬಿಲ್ಲಿನ ನೆನಪು ನನಗೆ ಹಸಿಯಾಗಿತ್ತು, ಹಾಗಾಗಿ ಬ್ರೇಕರ್ ಕಡಿಮೆ ಮಾಡಿದೆ. ಕೆಲಸ ಸಲೀಸಾಗಿ ನಡೆಯಿತು, ಮರಳು ಪೂರ್ತಿ ಹೋಯಿತು, ಎಲ್ಲರೂ ಕೈಕುಲುಕಿದರು. ಬಾವಿ ಮುಚ್ಚಿಟ್ಟು, ಗೊತ್ತುಮಾಡಿದ ಹೊತ್ತಿಗೆ ತೆರೆದರೆ ವಾಲ್ವಿನಿಂದ ಬಂದದ್ದು ಜೆಲ್. ನಾನು ಕಳಿಸಿದಂತೆಯೇ, ಬೀಕರಿನಲ್ಲಿ ಜೋಲುವ ಹಾಗೇ. ಸ್ವಲ್ಪ ಬಂದು ನಿಂತಿತು. ಕಲ್ಲನ್ನು ಬಿರಿಸಿ, ಬಿರುಕಿಗೆ ಮರಳು ತುಂಬಿ, ಅದರ ಬಾಯಿಗೆ ನಾವೇ ಬಿರಡೆ ಹಾಕಿದ್ದೆವು. ಬಾವಿಯ ಮಾಲೀಕರು ಸಣ್ಣ ಕಂಪನಿ, ಆ ವರ್ಷ ಅವರದ್ದು ಆ ಒಂದೇ ಹೊಸ ಬಾವಿ. ವಾರಗಟ್ಟಲೆ ಕಾದು, ತೊಳೆದು, ಒಂದಿಷ್ಟು ಹಾದಿಗೆ ಬಂತು. ಕೊಡಬೇಕಾದಷ್ಟನ್ನು ಅದು ಎಂದೂ ಕೊಡಲಿಲ್ಲ. ಆ ಮನುಷ್ಯರ ಮುಖ ನನಗೆ ಮರೆತಿಲ್ಲ.

ನಾನು ಲೆಕ್ಕಕ್ಕೆ ತರದೆ ಬಿಟ್ಟದ್ದು ಉಷ್ಣತೆ. ಕಲ್ಲು 70 ಡಿಗ್ರಿ ಇರಬಹುದು, ಆದರೆ ತಣ್ಣನೆಯ ಎಣ್ಣೆ ಗಂಟೆಗಟ್ಟಲೆ ಹೋದ ಮೇಲೆ ಬಾವಿಯ ಸುತ್ತಲಿನ ಕಲ್ಲು ತಣಿದಿರುತ್ತದೆ. ಮೊದಲು ಹೋದ ದ್ರವ ದೂರದ ಬಿಸಿ ಕಲ್ಲಿನಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅದಕ್ಕೆ ಕಡಿಮೆ ಬ್ರೇಕರ್ ಸಾಕು. ಕೊನೆಗೆ ಹೋದದ್ದು ಬಾವಿಯ ಬಾಯಲ್ಲೇ ತಣ್ಣಗೆ ಕೂತಿರುತ್ತದೆ, ಅದಕ್ಕೆ ಹೆಚ್ಚು ಬೇಕು. ನಾನು ಎಲ್ಲಕ್ಕೂ ಒಂದೇ ಪ್ರಮಾಣ ಹಾಕಿದ್ದೆ. ಆಮೇಲೆ ಪ್ರತಿ ಹಂತದ ದ್ರವವನ್ನೂ ಒಂದೊಂದು ಬಾಟಲಿಯಲ್ಲಿ ಹಿಡಿದು, ಆಯಾ ಹಂತಕ್ಕೆ ಅಂದಾಜಿಸಿದ ಉಷ್ಣತೆಯ ನೀರಿನ ತೊಟ್ಟಿಯಲ್ಲಿ ಇಡುತ್ತಿದ್ದೆ. ಕೊನೆಯ ಬಾಟಲಿ ಅಲುಗಾಡಿಸಿದಾಗ ಬರೀ ಎಣ್ಣೆಯ ಹಾಗೆ ತುಳುಕುವ ತನಕ ಬಾವಿ ತೆರೆಯಲು ಒಪ್ಪುತ್ತಿರಲಿಲ್ಲ.

ಹೊರಗೆ ಬಂದದ್ದರ ಹೊಣೆಯೂ ನಮ್ಮದೇ. ವಾಪಸು ಬಂದ ಎಣ್ಣೆಯನ್ನು ಕಚ್ಚಾ ತೈಲದ ಜೊತೆ ಮಾರಬಹುದು ಎಂಬುದು ಈ ವಿಧಾನದ ದೊಡ್ಡ ಆಕರ್ಷಣೆಯಾಗಿತ್ತು. ಆದರೆ ಅದರ ಜೊತೆ ಹೋದ ಫಾಸ್ಫರಸ್ ಕೆನಡಾದ ಶುದ್ಧೀಕರಣ ಘಟಕಗಳ ಬಟ್ಟಿ ಗೋಪುರಗಳಲ್ಲಿ ಗಟ್ಟಿಯಾಗಿ ಕೂತು ತಟ್ಟೆಗಳನ್ನು ಮುಚ್ಚತೊಡಗಿತು. ಬಾವಿಯಿಂದ ನೂರಾರು ಮೈಲಿ ದೂರದವರಿಗೆ ನಮ್ಮ ಜೆಲ್ ತೊಂದರೆ ಕೊಟ್ಟಿತ್ತು. ಅದರಿಂದ ಫಾಸ್ಫರಸ್‌ಗೆ ಮಿತಿ ಬಂತು, ರಸಾಯನಶಾಸ್ತ್ರಜ್ಞರು ಅಷ್ಟು ಸುಲಭವಾಗಿ ಆವಿಯಾಗದ ಫಾಸ್ಫೋನೇಟ್ ಜಾತಿಯ ಜೆಲ್‌ಗಳತ್ತ ಹೊರಳಿದರು.

6. ಕುಡಿಯುವ ನೀರಿನ ಬಾವಿಗೆ ಇದರ ಒಂದು ಹನಿಯೂ ಬೇಡ

ಊರಿಗೆ ಬಂದ ಹೊಸತು. ಬೀಡಿ ಎಂಬ ಊರಿನ ಕಡೆಯ ರೈತರೊಬ್ಬರು ಕೇಳಿದರು: “ಸಾಹೇಬ್ರ, ಅಲ್ಲಿ ಎಣ್ಣಿ ಹಾಕಿ ಎಣ್ಣಿ ತಗದೀರಂತ. ನಮ್ಮ ಬೋರಿಗೂ ಅದನ್ನ ಒಂದೀಟು ಹಾಕ್ರಲಾ, ನೀರ ಬರತೈತೇನ ನೋಡೂಣು.” ಕಷ್ಟದಲ್ಲಿದ್ದ ಮನುಷ್ಯ, ಮನಸ್ಸಿನಿಂದ ಕೇಳಿದ್ದು. ನಾನು “ಅದು ಇಲ್ಲಿ ಬೇಕಾಗಿಲ್ಲ” ಎಂದಷ್ಟೇ ಹೇಳಿ ಬಂದೆ. ಪೂರ್ತಿ ಹೇಳಬೇಕಿತ್ತು. ಆಮೇಲೆ ಅವರ ಅಳಿಯ ಎಲ್ಲೋ ಕೇಳಿಕೊಂಡು ಬಂದು ಒಂದು ಕ್ಯಾನು ಡೀಸೆಲ್ ಸುರಿಯಲು ಹೊರಟಿದ್ದ ಎಂದು ತಿಳಿದಾಗ ಎದೆ ಧಸಕ್ಕೆಂದಿತು. ಸದ್ಯ, ಸುರಿದಿರಲಿಲ್ಲ.

ಪೂರ್ತಿ ಹೇಳುವುದಾದರೆ ಇಷ್ಟು. ಡೀಸೆಲ್‌ನಲ್ಲಿ ಬೆಂಜೀನ್ ಮತ್ತು ಅದರ ಸಂಬಂಧಿಗಳಿರುತ್ತವೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚಿರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿರುಕಿನೊಳಗೆ ಹೊಕ್ಕ ಎಣ್ಣೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಬರುತ್ತಿರುತ್ತದೆ. ಅಮೆರಿಕದ 2005ರ ಇಂಧನ ಕಾಯ್ದೆ ಫ್ರಾಕ್ಚರಿಂಗ್‌ಗೆ ಕುಡಿಯುವ ನೀರಿನ ಕಾನೂನಿನಿಂದ ದೊಡ್ಡ ವಿನಾಯಿತಿ ಕೊಟ್ಟಿತು. ಅಷ್ಟು ಉದಾರವಾದ ಆ ಕಾಯ್ದೆ ಕೂಡ ಡೀಸೆಲ್ ಬಳಸುವವರನ್ನು ವಿನಾಯಿತಿಯಿಂದ ಹೊರಗಿಟ್ಟಿತು. ಅದಕ್ಕೂ ಎರಡು ವರ್ಷ ಮೊದಲೇ ಅಲ್ಲಿಯ ಮೂರು ದೊಡ್ಡ ಸೇವಾ ಕಂಪನಿಗಳು, ಕುಡಿಯುವ ನೀರಿನ ಮೂಲವಿರುವ ಕಲ್ಲಿದ್ದಲು ಪದರಗಳಲ್ಲಿ ಡೀಸೆಲ್ ಬಳಸುವುದಿಲ್ಲವೆಂದು ಬರೆದುಕೊಟ್ಟಿದ್ದವು. ನೀರಿನ ಬೋರಿನಲ್ಲಿ ಎಣ್ಣೆಗೆ ಕೆಲಸವೂ ಇಲ್ಲ. ಅಲ್ಲಿ ಒಳಗಿರುವುದೇ ನೀರು, ನೀರಿಗೆ ಒಗ್ಗಿದ ಕಲ್ಲು. ಬಿರಿಸಬೇಕಾದರೆ ಶುದ್ಧ ನೀರು ಸಾಕು.

ಹೊಸ ಬೋರ್ ಹೊಡೆಸಿದವರಿಗೆ ಇನ್ನೊಂದು ಮಾತು. ಬೋರಿನ ಗಾಡಿಯ ಹ್ಯಾಮರ್‌ಗೆ ಗಾಳಿಯ ಜೊತೆ ಎಣ್ಣೆ ಹೋಗುತ್ತಿರುತ್ತದೆ. ಮೊದಲ ಕೊಡದ ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ ಕಂಡರೆ ಅದು ಅದೇ. ಗಾಡಿ ಹೋಗುವ ಮೊದಲು, ನೀರು ತಿಳಿಯಾಗಿ ಪೊರೆ ಇಲ್ಲವಾಗುವ ತನಕ ಗಾಳಿ ಹೊಡೆದು ತೊಳೆಸಿಕೊಳ್ಳಿ, ಅದಕ್ಕೆ ಜಗಳವಾಡಬೇಕಾಗಿ ಬಂದರೂ.

7. ಒತ್ತಡದ ಮೇಲೆ ಮೋಹ ಬೇಡ

ಬೋರಿನ ಹೈಡ್ರೋ ಫ್ರಾಕ್ಚರಿಂಗ್ ನನಗೆ ಚಿಕ್ಕ ಕೆಲಸವಾಗಿ ಕಂಡಿತ್ತು. ಆರೂವರೆ ಇಂಚಿನ ಬೋರ್, ರಬ್ಬರಿನ ಒಂದು ಪ್ಯಾಕರ್, ಎರಡು ಟ್ಯಾಂಕರ್ ನೀರು, 100ರಿಂದ 150 ಕೆ.ಜಿ. ಒತ್ತಡ. ಕೇಸಿಂಗಿನ ಕೆಳಗೆ ಗಟ್ಟಿ ಕಲ್ಲಿನಲ್ಲಿ ಪ್ಯಾಕರ್ ಉಬ್ಬಿಸಿ ಕೂಡಿಸಬೇಕು, ಅದರ ಕೆಳಗೆ ನೀರು ತಳ್ಳಬೇಕು. ಗೇಜಿನ ಮುಳ್ಳು ಏರುತ್ತ ಏರುತ್ತ ಒಮ್ಮೆಲೇ ಕುಸಿದು ಅರ್ಧಕ್ಕೆ ಬಂದು ನಿಂತರೆ ಬಿರುಕು ಬಿಟ್ಟಿತೆಂದು ಅರ್ಥ. ಇಲ್ಲಿ ಮರಳು ಹಾಕುವುದಿಲ್ಲ. ಬಿರುಕಿನ ಎರಡು ಬದಿಗಳು ಒಂದಿಷ್ಟು ಸರಿದು, ಉಬ್ಬುತಗ್ಗುಗಳೇ ಅದನ್ನು ತೆರೆದಿಡುತ್ತವೆ.

ನನ್ನ ಮೊದಲ ಕೆಲಸದಲ್ಲಿ ಮುಳ್ಳು ಏರಲೇ ಇಲ್ಲ. ಟ್ರ್ಯಾಪ್ ಕಲ್ಲು ಲಾವಾ ಒಂದರ ಮೇಲೊಂದು ಹರಿದು ಆದದ್ದು, ಎರಡು ಹರಿವುಗಳ ನಡುವೆ ಹಲವೆಡೆ ಕೆಂಪು ಮೆದು ಪದರವಿರುತ್ತದೆ. ಬೋರ್ ಹೊಡೆದವರ ವಹಿಯಲ್ಲಿ ಕೆಂಪು ಮಣ್ಣು ಬಂದದ್ದು ಇಷ್ಟನೇ ಅಡಿಗೆ ಎಂದು ಬರೆದಿತ್ತು. ನಾನು ಆಳದ ಲೆಕ್ಕ ತಪ್ಪಿ ಪ್ಯಾಕರನ್ನು ಅದರ ಮೇಲೇ ಕೂಡಿಸಿದ್ದೆ. ಗೋಡೆ ಕುಸಿದು ಪ್ಯಾಕರ್ ಸಿಕ್ಕಿಕೊಂಡಿತು. ಅದನ್ನು ಎಳೆಯುವಾಗ ರಬ್ಬರ್ ಹರಿದದ್ದನ್ನು ಉದ್ಯಮಬಾಗದಲ್ಲಿ ಮತ್ತೆ ಮಾಡಿಸಿದೆವು, ಆ ಕೈಕೆಲಸ ನಮ್ಮೂರಲ್ಲೇ ಸಿಗುತ್ತದೆಂಬುದು ಪುಣ್ಯ. ಬೋರ್ ಮಾತ್ರ ರೈತರದ್ದು, ಅದರ ಕೆಳಭಾಗ ಹೋಯಿತು. ಖರ್ಚು ನಾನು ಕೊಟ್ಟೆ. ಅವರು ಕಳೆದುಕೊಂಡ ಹಂಗಾಮನ್ನು ಕೊಡಲಾಗಲಿಲ್ಲ.

ಇನ್ನೊಂದು ಕಡೆ ಮುಳ್ಳು ಚೆನ್ನಾಗಿ ಕುಸಿಯಿತು, ಪಕ್ಕದ ಹೊಲದ ಬೋರಿನ ಬಾಯಿಂದ ನಮ್ಮ ನೀರು ಹೊರಗೆ ಬಂತು. ಎರಡೂ ಬೋರ್‌ಗಳು ಒಂದೇ ಬಿರುಕಿನ ಮೇಲಿದ್ದವು. ಬೇಸಿಗೆಯಲ್ಲಿ ಒಬ್ಬರು ಎಳೆದರೆ ಇನ್ನೊಬ್ಬರದು ಬತ್ತುವ ಹಾಗಾಯಿತು. ಈಗ ಪಕ್ಕದವರನ್ನು ಕರೆದು ಕೂಡಿಸಿ ಮಾತಾಡದೆ ಗಾಡಿ ತರಿಸುವುದಿಲ್ಲ. ಡೆಕ್ಕನ್ ಟ್ರ್ಯಾಪ್‌ನ ದಕ್ಷಿಣದ ಅಂಚು ಮುಗಿಯುವುದು ನಮ್ಮ ಈ ಭಾಗದಲ್ಲೇ, ಅದರಾಚೆ ಧಾರವಾಡದ ಬಲು ಹಳೆಯ ಶಿಲೆಗಳು. ಒಂದು ಹಳ್ಳಿಯಲ್ಲಿ ಫಲಿಸಿದ ಲೆಕ್ಕ ಮುಂದಿನ ಹಳ್ಳಿಗೆ ನಡೆಯುವುದಿಲ್ಲ. ಸುತ್ತ ಎಲ್ಲೂ ನೀರಿಲ್ಲದ ಒಣ ಬೋರನ್ನು ಎಷ್ಟು ಬಿರಿಸಿದರೂ ಒಣ ಬಿರುಕೇ ಸಿಗುವುದು. ಮೊದಲು ಒಂದಿಷ್ಟು ನೀರಿದ್ದು ಕ್ರಮೇಣ ಕಡಿಮೆಯಾದ ಬೋರಿಗೆ ಆಸೆ ಇಡಬಹುದು.

ಬೆಳಗಾವಿ ನಗರದ ಒಳಗಿನವರು ಕೇಳಿದರೆ ನಾನು ಬೋರಿಗಿಂತ ಮೊದಲು ಅವರ ಹಿತ್ತಿಲಿನ ಬಾವಿಯನ್ನು ನೋಡುತ್ತೇನೆ. ಕಪ್ಪು ಕಲ್ಲಿನ ಮೇಲೆ ಕೂತ ನಮ್ಮ ಜಂಬಿಟ್ಟಿಗೆ ಪದರ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರಿಗೆಂದು ಟಿಳಕವಾಡಿಯಲ್ಲಿ ತೋಡಿದ ಬಾವಿ, ಈಗ ನಾವು ಕಾಂಗ್ರೆಸ್ ಬಾವಿ ಎನ್ನುವುದು, ಇದೇ ನೆಲದ್ದು. 1990ರ ದಶಕದ ನೀರಿನ ಅಭಾವದ ನಂತರ ಊರಿನ ಹಳೆಯ ಬಾವಿಗಳ ಹೂಳೆತ್ತಿ ಮತ್ತೆ ಬಳಕೆಗೆ ತಂದರು. ಹೂಳೆತ್ತಿ, ಕಸ ತೆಗೆದು, ಚರಂಡಿಯ ನೀರು ಸೇರದಂತೆ ಕಟ್ಟೆ ಕಟ್ಟಿದರೆ ಸಾಕಾಗುವ ಕಡೆ ನನ್ನ ಪಂಪಿಗೆ ಕೆಲಸವಿಲ್ಲ.

8. ಮೇ ತಿಂಗಳಲ್ಲಿ ಅಳೆಯಿರಿ

ಖಾನಾಪುರದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆ, ಮಳೆಗಾಲದಲ್ಲಿ ಮಳೆ ನಿಲ್ಲುವುದೇ ಅಪರೂಪ. ಮಳೆಗಾಲ ಮುಗಿದ ಮೇಲೆ ಮಾಡಿದ ಯಾವ ಫ್ರಾಕ್ಚರಿಂಗ್ ಆದರೂ ಗೆದ್ದ ಹಾಗೇ ಕಾಣುತ್ತದೆ. ನಾನು ಆರಂಭದಲ್ಲಿ ದೀಪಾವಳಿ ಹೊತ್ತಿಗೆ ಅಳೆದು, ಒಳ್ಳೆಯ ಸುದ್ದಿ ಹೇಳಿ, ರೈತರನ್ನು ಕಬ್ಬು ಹಾಕಲು ಬಿಟ್ಟೆ. ಏಪ್ರಿಲ್‌ನಲ್ಲಿ ಆ ನೀರು ಇರಲಿಲ್ಲ, ಕಬ್ಬು ಹೊಲದಲ್ಲಿತ್ತು.

ಅಳತೆಯ ಬಗ್ಗೆಯೂ ಒಂದು ಗೊಂದಲ ಬಿಡಿಸಬೇಕು. ಬೋರಿನ ನೀರನ್ನು ವಿ-ಆಕಾರದ ಕಚ್ಚಿನ ತಗಡಿನ ಮೇಲೆ ಹರಿಸಿ “ಒಂದು ಇಂಚು, ಎರಡು ಇಂಚು” ಎನ್ನುತ್ತೇವೆ. 90 ಡಿಗ್ರಿಯ ಕಚ್ಚಿನಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡು ಇಂಚು ಎಂದರೆ ಸುಮಾರು 2,900. ಎರಡು ಪಟ್ಟಲ್ಲ, ಐದೂವರೆ ಪಟ್ಟಿಗಿಂತ ಹೆಚ್ಚು. ಒಂದೂವರೆ ಇದ್ದದ್ದನ್ನು “ಎರಡು ಅನ್ರಿ, ಏನಾಗತೈತಿ” ಎಂದು ಬರೆದರೆ ನೀರು ಅರ್ಧಕ್ಕರ್ಧ ಇಲ್ಲದ್ದನ್ನು ಬರೆದ ಹಾಗಾಯಿತು.

ಈಗ ಪ್ರತಿ ಬೋರಿಗೂ ಒಂದು ಹಾಳೆ ಇಟ್ಟಿದ್ದೇನೆ. ಬೋರಿನ ಒಟ್ಟು ಆಳ, ಕೇಸಿಂಗಿನ ಆಳ, ಕೆಂಪು ಪದರ ಸಿಕ್ಕ ಅಡಿ, ಪ್ಯಾಕರ್ ಕೂಡಿಸಿದ ಅಡಿ, ಮುಳ್ಳು ಎಲ್ಲಿ ಕುಸಿಯಿತು, ಎಷ್ಟು ನೀರು ಒಳಗೆ ಹೋಯಿತು, ತೊಳೆದಾಗ ಎಷ್ಟು ಹೊತ್ತು ಕೆಸರು ಬಂತು, ಪಕ್ಕದ ಬೋರ್ ಎಷ್ಟು ದೂರ, ಕೆಲಸದ ಮೊದಲಿನ ಮೇ ತಿಂಗಳ ನೀರು ಎಷ್ಟು, ಆಮೇಲಿನ ಎರಡು ಮೇ ತಿಂಗಳುಗಳದು ಎಷ್ಟು. ಸೋತ ಬೋರಿನ ಹಾಳೆಯನ್ನೂ ಹರಿಯದೆ ಇಟ್ಟಿದ್ದೇನೆ, ಹೊಸ ಬೋರ್ ನೋಡಲು ಹೊರಡುವ ಮುಂಚೆ ಓದುವುದು ಹೆಚ್ಚಾಗಿ ಅವನ್ನೇ. ಈ ಕೆಲಸಕ್ಕೆ ಕೈ ಹಾಕುವ ಹುಡುಗರು ಯಾರೇ ಬಂದರೂ ಆ ಕಟ್ಟು ಕೊಡುತ್ತೇನೆ, ಪ್ರತಿ ಮಾಡಿಕೊಂಡು ಮೂಲ ವಾಪಸು ತಂದುಕೊಡಲಿ.